ಅತ್ತಿಗೆ ತವರಿಗೆ ಹೋದ ದಿನ

ನಮ್ಮದು ಕಿಬ್ಬನಹಳ್ಳಿಯಿಂದ ಸ್ವಲ್ಪ ಒಳಗಿರುವ ಊರು. ಅಪ್ಪ, ಅವ್ವ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಉಳಿದವರು ಅಣ್ಣ, ಅತ್ತಿಗೆ ಮತ್ತು ನಾನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಗಂಡು ನೋಡುತ್ತಿದ್ದರು. ಕೊಬ್ಬರಿಗೆಂದು ಅಟ್ಟದ ಮೇಲೆ ಹಾಕಿದ ಕಾಯಿ ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಹಾಗೆ ಒಣಗಿದೆಯೋ ಇಲ್ಲವೋ ನೋಡಲು ನಾನೇ ಏಣಿ ಹತ್ತಿದ್ದೆ. ಇಳಿಯುವಾಗ ಏಣಿ ಜಾರಿತು. ಕೆಳಗಿದ್ದ ಕಾಯಿ ರಾಶಿಗೆ ಕತ್ತು ಬಡಿಯಿತು.

ಆಗ ನೋವೇನೂ ಆಗಲಿಲ್ಲ. ಎದೆಯ ಮೇಲೆ ಹಸಿರು ಬಳೆ ತೊಟ್ಟ ಕೈಯೊಂದು ಬಿದ್ದಿತ್ತು. ನಾನೂ ಅತ್ತಿಗೆಯೂ ಒಬ್ಬನೇ ಬಳೆಗಾರನ ಹತ್ತಿರ ಬಳೆ ತೊಡಿಸಿಕೊಂಡಿದ್ದೆವು. ಅದು ಅವರ ಕೈ ಎಂದುಕೊಂಡು, "ಅತ್ಗೆ, ಕೈ ತೆಗೀರಿ, ಎದ್ದೇಳ್ತೀನಿ" ಎಂದೆ. ಅತ್ತಿಗೆ ದೂರದ ಬಾಗಿಲ ಹತ್ತಿರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತಲೆಬುರುಡೆಗೆ ಕೊಂಡಿ ಹಾಕಿ, ಅದಕ್ಕೆ ತೂಕ ಇಳಿಬಿಟ್ಟು ತಿಂಗಳುಗಟ್ಟಲೆ ಮಲಗಿಸಿದರು. ಕೊನೆಗೆ, ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಮೂತ್ರಕ್ಕೆ ಒಂದು ರಬ್ಬರಿನ ಟ್ಯೂಬು, ಅದರ ತುದಿಗೆ ಮಂಚದ ಕೆಳಗೆ ಒಂದು ಗಾಜಿನ ಬಾಟಲಿ. ಭುಜದಿಂದ ಕೆಳಕ್ಕೆ ನನ್ನ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಮಂಚವನ್ನು ನಡುಮನೆಯಲ್ಲಿ ಹಾಕಿದರು. ನೆತ್ತಿಯ ಮೇಲೆ ಅದೇ ಅಟ್ಟ. ಹಗಲೆಲ್ಲ ಅದರ ಬಿದಿರ ಗಳುಗಳನ್ನು ನೋಡುವುದಷ್ಟೇ ನನ್ನ ಕೆಲಸ.

ಮುಟ್ಟಿದರೆ ಗೊತ್ತಾಗದ ಮೈ ಉರಿಯುತ್ತಿತ್ತು. ಮೆಣಸಿನಕಾಯಿ ಅರೆದ ಕೈ ಉರಿಯುತ್ತದಲ್ಲ, ಹಾಗೆ, ಬೆರಳ ತುದಿಯಿಂದ ಅಂಗಾಲಿನವರೆಗೆ. ಅಣ್ಣನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ.

"ಇರುವೆ ಕಚ್ಚಿದ್ರೂ ಗೊತ್ತಾಗಲ್ಲ ಅಂತೀಯ. ಉರಿ ಹೆಂಗವ್ವ ಗೊತ್ತಾಯ್ತದೆ?"



ಒಂದು ದಿನ ಬಲಗಾಲು ತಾನಾಗಿಯೇ ಝಾಡಿಸಿತು. ಅಣ್ಣ ಓಡಿ ಬಂದು, "ಕಾಲಾಡ್ತು! ಇನ್ನೊಂದ್ಸಲ ಆಡ್ಸು ನೋಡಾನ" ಎಂದ. ಅವನ ಮುಖ ನೋಡಲಾಗಲಿಲ್ಲ. ಆಡಿಸಿದ್ದು ನಾನಲ್ಲ. ಹೊದಿಕೆ ತಾಕಿದರೂ ಕಾಲು ಹಾಗೆ ಸೆಟೆದು ನಡುಗಿ, ತಾನೇ ಸುಮ್ಮನಾಗುತ್ತಿತ್ತು. ಅವನು ದೇವರಿಗೆ ತುಪ್ಪದ ದೀಪ ಹಚ್ಚಿ ಬಂದ.

ಎಲ್ಲ ಮಾಡುತ್ತಿದ್ದವರು ಅತ್ತಿಗೆ. ಉಣಿಸುವುದು, ಒರೆಸುವುದು, ಮಗ್ಗುಲು ಹೊರಳಿಸುವುದು, ಬಾಟಲಿ ಚೆಲ್ಲುವುದು. ಬೆನ್ನಿನ ಕೆಳಗೆ ಹುಣ್ಣಾದಾಗಲೂ ನನಗೆ ಹೇಳಲಿಲ್ಲ. ಹಬ್ಬವಿಲ್ಲದ ದಿನ ಮನೆಯಲ್ಲಿ ಸಾಂಬ್ರಾಣಿ ಹಾಕತೊಡಗಿದರು. ಆಗಲೇ ಗೊತ್ತಾಯಿತು, ನಾನು ನಾರುತ್ತಿದ್ದೇನೆ.

ಅತ್ತಿಗೆಯ ತವರು ಹುಳಿಯಾರಿನಲ್ಲಿ ಅವರ ತಂಗಿಯ ಮದುವೆ ನಿಶ್ಚಯವಾಯಿತು. ಅತ್ತಿಗೆ ಹೋಗುವ ಮಾತೇ ಎತ್ತಲಿಲ್ಲ. "ಹೋಗ್ಬನ್ನಿ ಅತ್ಗೆ, ಒಡಹುಟ್ಟಿದೋಳ ಮದುವೆ" ಎಂದು ನಾನೇ ಒತ್ತಾಯ ಮಾಡಿದೆ. ಅಣ್ಣ ತೋಟದ ಕೆಲಸಕ್ಕೆಂದು ಉಳಿದ. ಪಕ್ಕದ ಮನೆಯ ದೊಡ್ಡವ್ವ ನನ್ನ ಜೊತೆಗಿರಲು ಒಪ್ಪಿದಳು. ಅವಳಿಗೆ ಕಣ್ಣು ಮಂಜು, ಕೈ ನಡುಕ, ಆದರೆ ಮನಸ್ಸು ಮೃದು. ಅತ್ತಿಗೆ ಬೆಳಗಿನ ಬಸ್ಸಿಗೆ ಹೊರಟರು.

ದೊಡ್ಡವ್ವ ನನಗೆ ಲೋಟಗಟ್ಟಲೆ ಮಜ್ಜಿಗೆ ಕುಡಿಸಿದಳು. ಅಣ್ಣನನ್ನು ಕರೆದು, ಇಬ್ಬರೂ ಸೇರಿ ನನ್ನ ಮಗ್ಗುಲು ಬದಲಿಸಿದರು. ಅಣ್ಣ ತೋಟಕ್ಕೆ ಹೋದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ತಲೆನೋವು ಶುರುವಾಯಿತು. ಅಂಥ ತಲೆನೋವನ್ನು ನಾನು ಕಂಡಿರಲಿಲ್ಲ. ಎದೆಯ ಒಂದೊಂದು ಬಡಿತಕ್ಕೂ ತಲೆಯೊಳಗೆ ಒನಕೆ ಬಿದ್ದಂತಾಗುತ್ತಿತ್ತು. ಮೂಗು ಕಟ್ಟಿತು. ಮುಖದಿಂದ ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈಯಿಲ್ಲ.

"ಮೈಯೆಲ್ಲ ಕೂದ್ಲು ನಿಂತು ಗುಗ್ಗರು ಎದ್ದೈತೆ ಕಣವ್ವ, ಚಳಿಜ್ವರ" ಎಂದು ದೊಡ್ಡವ್ವ ಕಂಬಳಿ ಹೊದಿಸಿದಳು. ತಲೆದಿಂಬು ತೆಗೆದು ಚಪ್ಪಟೆ ಮಲಗಿಸಿದಳು. ನೋವು ಇನ್ನೂ ಹೆಚ್ಚಿತು. ಅಟ್ಟದ ಗಳುಗಳು ಒಂದು ಎರಡಾಗಿ ಕಾಣತೊಡಗಿದವು. ಈ ತಲೆ ಒಡೆದು ಹೋದರೂ ಇದರಿಂದ ನಾನು ಒಂದಿಂಚು ಆಚೆ ಸರಿಯಲಾರೆ ಎನಿಸಿ, ಕಿರುಚಿದೆ.

ಅಣ್ಣ ಓಡಿ ಬಂದ. ನನ್ನ ಕೆಂಪಾದ ಮುಖ ನೋಡಿ ಸೈಕಲ್ ಹತ್ತಿ ಡಾಕ್ಟರನ್ನು ಕರೆಯಲು ಹೋದ. ಡಾಕ್ಟರು ಊರಲ್ಲಿರಲಿಲ್ಲ. ತಲೆನೋವಿನ ಮಾತ್ರೆ ಹಿಡಿದು ವಾಪಸು ಬಂದ. ಮಾತ್ರೆ ನುಂಗಲು ನೀರು ಹಿಡಿದಾಗ ನನಗೆ ಹೊಳೆಯಿತು: ಬೆಳಗಿನಿಂದ ಇಷ್ಟು ಕುಡಿದಿದ್ದೇನೆ, ಒಮ್ಮೆಯೂ ಬಾಟಲಿ ಚೆಲ್ಲಿಲ್ಲ.

"ದೊಡ್ಡವ್ವ, ಬಾಟ್ಲಿ ನೋಡು."

ಅವಳು ಬಗ್ಗಿ ಕೈಯಾಡಿಸಿದಳು. "ಖಾಲಿ ಐತೆ ಬುಡವ್ವ, ಚೆಲ್ಲೋ ಕೆಲ್ಸಾನೂ ಇಲ್ಲ."

"ಅಣ್ಣ, ಟ್ಯೂಬು ನೋಡು. ಎಲ್ಲೋ ಸಿಕ್ಕಾಕ್ಕೊಂಡೈತೆ."

ಅಣ್ಣ ಅಲುಗಾಡಲಿಲ್ಲ. ನಾನು ದೊಡ್ಡವಳಾದ ಮೇಲೆ ಅವನು ನನ್ನ ಮಂಚದ ಮೇಲೆ ಕೂತವನೇ ಅಲ್ಲ. "ದೊಡ್ಡವ್ವ ನೋಡ್ಲಿ" ಎಂದ. ಅವಳು ಹೊದಿಕೆಯೊಳಗೆ ನಡುಗುವ ಕೈ ತೂರಿಸಿ, "ನಂಗೊಂದೂ ಕಾಣಾಕಿಲ್ಲ ಕಣಪ್ಪ, ಎಳೆದ್ರೆ ಕಿತ್ತೋದಾತು" ಎಂದು ಹಿಂದೆ ಸರಿದಳು.

"ಅಣ್ಣ, ಸತ್ತೋಯ್ತೀನಿ ಕಣೋ."

ಅವನು ಹೊದಿಕೆ ಎತ್ತಿದ. ಸೀರೆ ಸರಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ಮೈಯಲ್ಲಿ ನನ್ನ ಮಾತು ಕೇಳುತ್ತಿದ್ದವುಗಳಲ್ಲಿ ರೆಪ್ಪೆಯೂ ಒಂದು. ಅವನ ಕೈ ಎಲ್ಲಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ, ಅವನ ಉಸಿರು ಮಾತ್ರ ಕೇಳುತ್ತಿತ್ತು. ಬೆಳಿಗ್ಗೆ ಮಗ್ಗುಲು ಬದಲಿಸಿದಾಗ ಟ್ಯೂಬು ತೊಡೆಯ ಅಡಿಯಲ್ಲಿ ಮಡಚಿಕೊಂಡಿತ್ತಂತೆ. ಅವನು ಬಿಡಿಸುತ್ತಲೇ ಬಾಟಲಿಯೊಳಗೆ ಜೋರಾಗಿ ನೀರು ಬೀಳುವ ಸದ್ದಾಯಿತು. ಅದು ತುಂಬುತ್ತ ಬಂದಂತೆ ತಲೆಯೊಳಗಿನ ಬಡಿತ ಕಡಿಮೆಯಾಗುತ್ತ ಹೋಯಿತು. ಒಳಗೆ ಕಟ್ಟಿಕೊಂಡ ಮೂತ್ರವೇ ಈ ಮೈಯಲ್ಲಿ ತಲೆನೋವಾಗಿ ಏರಿತ್ತು.

ಅಣ್ಣ ಸೀರೆ ಸರಿಮಾಡಿ, ಹೊದಿಕೆ ಎಳೆದು, ಹಿತ್ತಲಿಗೆ ಹೋದ. ಬಾವಿಕಟ್ಟೆಯಲ್ಲಿ ಕೊಡಗಟ್ಟಲೆ ನೀರು ಸುರಿದುಕೊಳ್ಳುವುದು ಕೇಳಿಸಿತು. ನನ್ನನ್ನು ಮುಟ್ಟಿದ್ದಕ್ಕೋ, ಅಳು ಕೇಳಿಸಬಾರದೆಂದೋ, ಗೊತ್ತಿಲ್ಲ.

ಮಾರನೆಯ ದಿನ ಅತ್ತಿಗೆ ಮದುವೆಗೆ ಉಟ್ಟ ಸೀರೆಯಲ್ಲೇ ಬಂದರು. ದೊಡ್ಡವ್ವ ಎಲ್ಲ ಹೇಳಿದಳು. ಅತ್ತಿಗೆ ಯಾರನ್ನೂ ಬಯ್ಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಾಟಲಿ ತೊಳೆದು ತಂದರು. "ಇನ್ನೆಲ್ಲೂ ಹೋಗಾಕಿಲ್ಲ ಬುಡು" ಎಂದರು.

ಹಾಗನ್ನಬೇಡಿ ಎಂದು ಹೇಳಬೇಕಿತ್ತು. ಅಂದಿನಿಂದ ಅವರು ನೀರಿಗೆ ಹೋದರೂ ನನ್ನ ಕಿವಿ ಅವರ ಹೆಜ್ಜೆಗೆ ಕಾಯುತ್ತಿತ್ತು. ತಲೆ ಸ್ವಲ್ಪ ಭಾರವಾದರೂ ಕೂಗುತ್ತಿದ್ದೆ, ಅವರು ಒಲೆಯ ಮೇಲಿಟ್ಟದ್ದನ್ನು ಬಿಟ್ಟು ಓಡಿ ಬರುತ್ತಿದ್ದರು. ಆಮೇಲೆ ಅಣ್ಣನೂ ಟ್ಯೂಬು ನೋಡುವ ಕೆಲಸ ಕಲಿತ. ಮುಖ ಆಚೆ ತಿರುಗಿಸಿಕೊಂಡೇ ಮಾಡುತ್ತಿದ್ದ. ಆದರೂ ಅತ್ತಿಗೆ ತವರಿಗೆ ಹೋಗಲಿಲ್ಲ.

ಮುಂದಿನ ವರ್ಷ ಅವರ ತಾಯಿಯೇ ಹುಳಿಯಾರಿನಿಂದ ಮಗಳನ್ನು ನೋಡಲು ಬಂದರು. ತಾಯಿ ಮಗಳು ಜಗಲಿಯಲ್ಲಿ ಕೂತು ಬಹಳ ಹೊತ್ತು ಮೆಲ್ಲಗೆ ಮಾತಾಡಿದರು. ಹೊರಡುವಾಗ ಆ ತಾಯಿ ಒಳಗೆ ಬಂದು ನನ್ನ ಕೆನ್ನೆ ಸವರಿ, "ಹೆಂಗಿದ್ದೀಯವ್ವ?" ಎಂದರು. "ಹಿಂಗೇ ಇದ್ದೀನಿ ಕಣಮ್ಮ" ಎಂದೆ.

ಬಸ್ಸು ನಿಲ್ಲುವ ಜಾಗ ದೂರ. ಅತ್ತಿಗೆ ತಾಯಿಯ ಗಂಟು ಹಿಡಿದು ತೋಟದ ಗೇಟಿನವರೆಗೆ ಹೋದವರು ಅಲ್ಲಿಂದಲೇ ಹಿಂತಿರುಗಿದರು. ನನ್ನ ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನನ್ನ ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟು, ಗೋಡೆಯ ಕಡೆಗೆ ಹೊರಳಿಸಿದರು.