ತಂಗಿಯ ಪಗಾರ

ಕೊರೊನಾದ ಎರಡನೇ ಅಲೆ ಇಳಿದ ಮರುವರ್ಷ ನಾನು ಗಜೇಂದ್ರಗಡದಲ್ಲಿ ಕಂದಾಯ ನಿರೀಕ್ಷಕನಾಗಿದ್ದೆ. ಸೇವೆಯ ಕೊನೆಯ ವರ್ಷಗಳವು. ಅರ್ಜಿಗಳ ಸ್ಥಳ ಪರಿಶೀಲನೆ ನನ್ನ ಕೆಲಸದ ದೊಡ್ಡ ಪಾಲು. ಅಂದರೆ ಅರ್ಜಿದಾರ ಹೇಳಿದ್ದು ನಿಜವೇ ಎಂದು ಅವನ ಮನೆಗೇ ಹೋಗಿ ನೋಡಿ, ಅಕ್ಕಪಕ್ಕದವರನ್ನು ಕೇಳಿ, ತಹಶೀಲ್ದಾರರಿಗೆ ವರದಿ ಕೊಡುವುದು.

ಆ ವರ್ಷ ಕೆಲಸ ಹೋದ ಕೂಲಿಕಾರರಿಗೆ ನಿರುದ್ಯೋಗ ಭತ್ಯೆ ಕೊಡುವ ಒಂದು ಯೋಜನೆಯ ಪರಿಶೀಲನೆ ನಮ್ಮ ಹೆಗಲಿಗೆ ಬಿತ್ತು. ಭತ್ಯೆ ಸಿಗುವುದು ಕೆಲಸ ಹೋದವನಿಗೆ. ಆದರೆ ಲೆಕ್ಕಕ್ಕೆ ಹಿಡಿಯುವುದು ಇಡೀ ಕುಟುಂಬದ ಆದಾಯವನ್ನು. ಕುಟುಂಬ ಎಂದರೆ ಒಂದೇ ರೇಷನ್ ಕಾರ್ಡಿನಲ್ಲಿ ಹೆಸರಿರುವವರೆಲ್ಲ. ಎಲ್ಲರ ಗಳಿಕೆ ಕೂಡಿಸಿದಾಗ ಮಿತಿ ದಾಟಿದರೆ ಅರ್ಜಿ ತಿರಸ್ಕೃತ.

ಮಲ್ಲಪ್ಪನ ಅರ್ಜಿ ಬಂದದ್ದು ಆಗ. ನಲವತ್ತು ದಾಟಿದ ನೇಕಾರ. ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ಸೀರೆ ನೇಯುತ್ತಿದ್ದ. ಲಾಕ್‌ಡೌನಿನ ನಂತರ ಮಾಲೀಕ ಮಗ್ಗಗಳನ್ನು ಮಾರಿ ಶೆಡ್ಡನ್ನು ಗೋದಾಮಿಗೆ ಬಾಡಿಗೆ ಕೊಟ್ಟಿದ್ದ. ಮಲ್ಲಪ್ಪನ ಮನೆಯಲ್ಲಿ ಹೆಂಡತಿ ರೇಣವ್ವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮತ್ತು ಅವನಿಗಿಂತ ಹದಿನೈದು ವರ್ಷ ಚಿಕ್ಕವಳಾದ ತಂಗಿ ಕಸ್ತೂರಿ. ತಂದೆ ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಬೆಳೆಸಿದವನೂ, ನೇಯ್ದು ನೇಯ್ದು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದಿಸಿದವನೂ ಅವನೇ. ಅವಳು ದಿನಾ ಬಸ್ಸಿನಲ್ಲಿ ರೋಣಕ್ಕೆ ಹೋಗಿ ಒಂದು ಖಾಸಗಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು.

ನಾನು ಮನೆಗೆ ಹೋದಾಗ ಮಲ್ಲಪ್ಪ ಏನನ್ನೂ ಮುಚ್ಚಿಡಲಿಲ್ಲ.

"ಬರಕೋರಿ ಸಾಹೇಬ್ರ. ತಂಗಿಗೆ ಪಗಾರ ಬರತೈತಿ, ಖರೇ. ಆದ್ರ ಅದು ಆಕಿದು, ನಂದಲ್ರಿ."

ಒಳಗಿನಿಂದ ರೇಣವ್ವ ಚಹಾ ತಂದಿಟ್ಟಳು. ಗಂಡ ಅತ್ತ ತಿರುಗಿದಾಗ ದನಿ ತಗ್ಗಿಸಿ ಹೇಳಿದಳು: "ಶೆಡ್ ಮುಚ್ಚಿದಾಗಿಂದ ಒಂದ ರೊಟ್ಟಿ ತಿಂದು ಕೈ ತೊಳ್ಕೊಂತಾರ್ರಿ. ಕೇಳಿದ್ರ ಹಸಿವಿಲ್ಲ ಅಂತಾರ. ತಂಗಿ ದುಡಿಮಿ ಗಂಟಲದಾಗ ಇಳಿಯಂಗಿಲ್ಲ ಅವರಿಗೆ."

ನಮ್ಮ ಕಡೆ ಅಣ್ಣನಾದವನು ತಂಗಿಗೆ ಕೊಡುವವನು. ಅವಳಿಂದ ತೆಗೆದುಕೊಂಡು ಉಣ್ಣುವುದನ್ನು ಮಲ್ಲಪ್ಪನಂಥವರು ಸಾವಿಗೆ ಸಮ ಎಂದುಕೊಳ್ಳುತ್ತಾರೆ. ಇದು ನನಗೆ ಅರ್ಥವಾಯಿತು, ಆದರೆ ಅದನ್ನು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ. ಕಸ್ತೂರಿಯ ಪಗಾರ ಸೇರಿಸಿದರೆ ಆದಾಯ ಮಿತಿ ದಾಟುತ್ತಿತ್ತು. ಅರ್ಜಿ ತಿರಸ್ಕೃತವಾಯಿತು.

ಮರುವಾರ ಅವನು ಕಚೇರಿಗೆ ಬಂದ. ಕೈಮಗ್ಗದ ದಾರದಂತೆ ಬಿಗಿದುಕೊಂಡಿದ್ದ.

"ಸಾಹೇಬ್ರ, ಕೆಲಸ ಹೋದದ್ದು ನಂದು. ಆಕಿ ಪಗಾರ ನನ್ನ ತಲಿ ಮ್ಯಾಲ ಹ್ಯಾಂಗ ಬರತೈತ್ರಿ?"

ನಿಯಮ ವಿವರಿಸಿದೆ. ತಂಗಿಗೆ ಬೇರೆ ಕಾರ್ಡು ಮಾಡಿಸಿದರೆ ಆಗುತ್ತದೆಯೇ ಎಂದು ಕೇಳಿದ. ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡುಗೆ ಉಣ್ಣುವವರೆಗೆ ಆಗದು ಎಂದೆ. ಕೌಂಟರಿನಲ್ಲಿ ಕುಳಿತಿದ್ದ ಗುಮಾಸ್ತ ತಲೆ ಎತ್ತದೆ ಅಂದ: "ಮದಿವಿ ಆಗಿ ಹೋದ್ರ ಹೆಸರು ತಾನ ಹೋಗತೈತಲ್ಲ."

ಗುಮಾಸ್ತ ಹೇಳಿದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ದಿನಕ್ಕೆ ಹತ್ತು ಮಂದಿಗೆ ಹೇಳುವ ಮಾತದು. ಮಲ್ಲಪ್ಪ ಮಾತ್ರ ನಿಂತಲ್ಲೇ ನಿಂತ. ನಾನು ಅವನಿಗೆ ಮೇಲ್ಮನವಿ ಹಾಕಲು ಹೇಳಿದೆ. ಅವನ ಗಳಿಕೆ ನಿಜವಾಗಿಯೂ ನಿಂತಿದೆ ಎಂದು ತಹಶೀಲ್ದಾರರಿಗೆ ಟಿಪ್ಪಣಿಯನ್ನೂ ಬರೆದೆ. ನಿಯಮದಲ್ಲಿ ಅವಕಾಶವಿಲ್ಲ ಎಂದು ಅದು ಹಿಂದಿರುಗಿ ಬಂತು.

ತಿಂಗಳೊಪ್ಪತ್ತಿನಲ್ಲಿ ಕಸ್ತೂರಿ ಒಬ್ಬಳೇ ನನ್ನನ್ನು ಹುಡುಕಿಕೊಂಡು ಬಂದಳು. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದ್ದಳು.

"ಸರ್, ನಾ ರೋಣದಾಗ ಖೋಲಿ ಹಿಡದು ಇದ್ರ ನನ್ನ ಹೆಸರು ಅಣ್ಣನ ಕಾರ್ಡಿನಾಗಿಂದ ತಗೀತೀರೇನ್ರಿ?"

ನಿಜವಾಗಿ ಬೇರೆ ವಾಸ ಮಾಡಿದರೆ, ಬಾಡಿಗೆ ಕರಾರು ತೋರಿಸಿದರೆ ತೆಗೆಯಬಹುದು ಎಂದೆ. ಅವಳ ಮುಖ ಅರಳಲಿಲ್ಲ.

"ನಾ ತಯಾರ ಅದೀನ್ರಿ. ಅಣ್ಣ ಒಲ್ಲೆ ಅಂತಾನ. ಮದಿವಿಯಾಗದ ಹುಡುಗಿನ್ನ ಒಬ್ಬಾಕಿನ್ನ ಊರ ಬಿಟ್ಟು ಊರಾಗ ಇಟ್ರ ಮಂದಿ ಏನಂದಾರು ಅಂತ. ನರಗುಂದದ್ದೊಂದು ಸಂಬಂಧ ನೋಡ್ಯಾನ, ಅಂಗಡಿ ಇಟ್ಟೋರು. ವರಗ ಮೊದಲನೇ ಹೆಂಡತಿ ತೀರ್ಕೊಂಡಾಳ. ವರದಕ್ಷಿಣಿ ಕೇಳಿಲ್ರಿ."

"ನಿನಗ ಒಪ್ಪಿಗಿ ಐತೇನು?"

"ಅಣ್ಣ ಭತ್ಯೆದ ಆಸೆಗೆ ಮಾಡಾಕತ್ತಿಲ್ರಿ ಸರ್. ಅವನ್ನ ತಪ್ಪು ತಿಳೀಬ್ಯಾಡ್ರಿ. ನನ್ನ ಪಗಾರದಿಂದ ತಪ್ಪಿಸ್ಕೊಳ್ಳಾಕ ಮಾಡಾಕತ್ತಾನ," ಎಂದಳು.

ಅಂದು ಸಂಜೆ ಮಲ್ಲಪ್ಪನ ಮನೆಗೆ ಹೋದೆ. ಅಧಿಕಾರಿಯಾಗಿ ಹೋಗಲು ಕಾರಣವಿರಲಿಲ್ಲ, ಹಿರಿಯನಾಗಿ ಹೋದೆ. ಆತುರ ಬೇಡ, ಹುಡುಗಿಗೆ ಕೈಯಲ್ಲಿ ವಿದ್ಯೆಯಿದೆ, ಖೋಲಿಯ ಮಾತಿಗೆ ಒಪ್ಪಿಕೋ ಎಂದೆ. ಅವನು ಕೊನೆಯವರೆಗೂ ಕೇಳಿ, ನಂತರ ಹೇಳಿದ:

"ನಿಮ್ಮ ಸರಕಾರ ಅಂದದ್ದು ಖರೇ ಐತ್ರಿ ಸಾಹೇಬ್ರ. ಆಕಿ ದುಡಿಮಿ ಮ್ಯಾಲ ಕುಂತೀನಿ ನಾ. ಅದನ್ನ ಬರದು, ಸಿಕ್ಕಾ ಹೊಡದು ಕೈಯಾಗ ಕೊಟ್ರಿ. ಇನ್ನ ಆಕಿನ್ನ ಮನಿಯಾಗ ಇಟ್ಕೊಂಡು ಹ್ಯಾಂಗ ಉಣ್ಣಲಿ?"

ಆದಾಯ ಮಿತಿ ಮೀರಿದೆ ಎಂಬ ಒಂದು ಸಾಲನ್ನು ಅವನು ಹೀಗೆ ಓದಿಕೊಂಡಿದ್ದ.

ಮದುವೆ ನಡೆಯಿತು. ಕಸ್ತೂರಿಯ ಹೆಸರು ಕಾರ್ಡಿನಿಂದ ಹೋಯಿತು. ಮಲ್ಲಪ್ಪ ಹೊಸ ಅರ್ಜಿ ಹಾಕಿದ, ಪರಿಶೀಲನೆಗೆ ಮತ್ತೆ ನಾನೇ ಹೋದೆ. ರೇಣವ್ವ ಒಬ್ಬಳೇ ಇದ್ದಳು. ಅರ್ಹ ಎಂದು ಸಹಿ ಹಾಕುವಾಗ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಆಕಿ ಇದ್ದಾಗ ಹುಡುಗರಿಗೆ ಹಾಲಿದ್ದುವ್ರಿ," ಎಂದಷ್ಟೇ ಅಂದಳು. ಮಂಜೂರಾದ ಭತ್ಯೆ ಕಸ್ತೂರಿ ಮನೆಗೆ ಕೊಡುತ್ತಿದ್ದ ಹಣಕ್ಕಿಂತ ಕಡಿಮೆಯಿತ್ತು. ಅದಕ್ಕೆ ಅವಧಿಯೂ ಇತ್ತು. ಅವಧಿ ಮುಗಿದಾಗ ನಿಂತಿತು. ಮಲ್ಲಪ್ಪ ಹುಬ್ಬಳ್ಳಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆದನೆಂದು ಕೇಳಿದೆ.

ನಿವೃತ್ತಿಗೆ ಮುಂಚಿನ ಕೆಲವು ತಿಂಗಳು ನನಗೆ ನರಗುಂದಕ್ಕೆ ವರ್ಗವಾಯಿತು. ಒಂದು ಬೆಳಿಗ್ಗೆ ಸಕ್ಕರೆ ಪರೀಕ್ಷೆಗೆಂದು ದವಾಖಾನೆಗೆ ಹೋದಾಗ, ಹೊರಗಿನ ಬೆಂಚಿನ ಮೇಲೆ ಅತ್ತೆಯ ಪಕ್ಕದಲ್ಲಿ ಕಸ್ತೂರಿ ಕುಳಿತಿದ್ದಳು. ಸೊರಗಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಕೆಲಸದ ವಿಷಯ ಕೇಳಿದೆ.

"ಮದಿವಿಗೆ ಮುಂಚೆ ಹೂಂ ಅಂದಿದ್ರು. ಈಗ ಅಂಗಡಿ ನೋಡೋರು ಯಾರು ಅಂತಾರ್ರಿ," ಎಂದಳು, ಅತ್ತೆಗೆ ಕೇಳದಂತೆ.

ಅಣ್ಣ ಬರುತ್ತಾನೆಯೇ ಎಂದು ಕೇಳಬಾರದಿತ್ತು. ಕೇಳಿದೆ.

"ನಾಗರ ಪಂಚಮಿಗೆ ತವರಿಗೆ ಕರಿಯಾಕ ಬರಲಿಲ್ರಿ. ಎರಡು ವರ್ಷಾತು. ಅತ್ತಿಗೆವ್ವ ಉಂಡಿ ಕಟ್ಟಿ ಯಾರ ಕೈಯಾಗರ ಕಳಸ್ತಾಳ. ಫೋನ್ ಮಾಡಿದ್ರ ಅಣ್ಣ 'ಚಲೋ ಇದಿಯೇನವಾ' ಅಂತ ಕೇಳಿ, ನಾ ಹೇಳೂದ್ರಾಗ ಇಟ್ಟುಬಿಡ್ತಾನ."

ಅತ್ತೆ ಕರೆದಳು. ಕಸ್ತೂರಿ ಹೋದಳು.

ಮೂರು ದಶಕ ಮನೆ ಮನೆ ತಿರುಗಿ ಆದಾಯ ಬರೆದವನು ನಾನು. ಗಳಿಕೆಯನ್ನು ಕೂಡಿಸಿದರೆ ಕುಟುಂಬದ ಸ್ಥಿತಿ ಸಿಗುತ್ತದೆ ಎಂದು ನಂಬಿದ್ದೆ. ಸರ್ಕಾರ ಅಳತೆಗೋಲು ಹಿಡಿದು ಒಳಗೆ ಬಂದ ಮೇಲೆ ಮನೆ ಮೊದಲಿನಂತೆ ಇರುವುದಿಲ್ಲ, ಕೋಲಿಗೆ ಹೊಂದಲು ತನ್ನನ್ನೇ ಕತ್ತರಿಸಿಕೊಳ್ಳುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಈ ಪ್ರಕರಣ. ಕತ್ತರಿ ಬೀಳುವುದು ಬಹಳ ಸಲ ಆ ಮನೆಯಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳ ಮೇಲೆ.