ಪುಸ್ತಕಕ್ಕೆ ಹೋದ ಕೊಡೆ

"ಆ ಅಕ್ಕನ ಎದುರು ಜಗಳ ಆಡ್ಬೇಡ್ರೇ, ಪುಸ್ತಕಕ್ಕೆ ಹಾಕ್ಬಿಡ್ತಾಳೆ!" ಎಂದು ನಮ್ಮ ಬೀದಿಯ ಹೆಂಗಸರು ಒಬ್ಬರನ್ನೊಬ್ಬರು ಎಚ್ಚರಿಸುತ್ತಿದ್ದರು.

ಹೆದರಿಕೆ ಸುಳ್ಳಲ್ಲ. ಅಕ್ಕ ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಉದಾಹರಣೆಯ ವಾಕ್ಯ ಬರೆಯುವವಳು. ಅವಳ ಪಾಲಿಗೆ ಬಂದದ್ದು 'ಟೇಕ್' ಎಂಬ ಕ್ರಿಯಾಪದ. ನೋಡಲು ಪುಟ್ಟದು, ಹೊಟ್ಟೆಯೊಳಗೆ ಅರವತ್ತು ಅರ್ಥ. ಇಂಗ್ಲಿಷಿನವರು ಅದೊಂದನ್ನೇ ಅಂದು ಕೈತೊಳೆದುಕೊಳ್ಳುತ್ತಾರೆ. ನಾವೋ ಗುಳಿಗೆ ನುಂಗಬೇಕು, ಬಸ್ಸು ಹತ್ತಬೇಕು, ರಜೆ ಹಾಕಬೇಕು, ಫೋಟೊ ಹೊಡೆಯಬೇಕು, ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ಅರ್ಥಕ್ಕೊಂದು ಕಾರ್ಡು, ಕಾರ್ಡಿಗೊಂದು ವಾಕ್ಯ. ಅಷ್ಟು ವಾಕ್ಯಕ್ಕೆ ಎಲ್ಲಿಗೆ ಹೋಗುವುದು? ಅಕ್ಕ ಮನೆಯಲ್ಲೇ ಹೆಕ್ಕಿದಳು. ಮಾವನ ಗುಳಿಗೆ, ಗಂಡನ ಸುಳ್ಳು ರಜೆ, ಎಲ್ಲವೂ ಕಾರ್ಡಾಗಿ ಚಪ್ಪಲಿ ಡಬ್ಬಿ ಸೇರಿದವು.

ಹೇಳದೆ ಒಯ್ಯುವ ಅರ್ಥದ ಸರದಿ ಬಂದ ದಿನ ಮಳೆ. ನೋಡಿದರೆ ಗೋಡೆಯ ಮೊಳೆಯಲ್ಲಿ ಕೊಡೆಯಿಲ್ಲ; ಮಹಡಿಯಲ್ಲಿದ್ದ ಓರಗಿತ್ತಿ ವಾರದ ಹಿಂದೆಯೇ ಒಯ್ದಳೆಂದು ಮಕ್ಕಳು ಹೇಳಿದರು. ಅದೇ ಸಿಟ್ಟಿನಲ್ಲಿ ಬರೆದಳು: "ಮಹಡಿಯ ಓರಗಿತ್ತಿ ನನ್ನ ಕೊಡೆ ತೆಗೆದುಕೊಂಡು ಹೋದಳು, ಇನ್ನೂ ತಂದಿಲ್ಲ."

ಪುಸ್ತಕ ಅಚ್ಚಾಯಿತು. ಶಾಲೆಯ ಮಕ್ಕಳು ಆ ವಾಕ್ಯವನ್ನು ಬಾಯಿಪಾಠ ಮಾಡಿ ಮಹಡಿಯ ಕಿಟಕಿಯ ಕೆಳಗೇ ಕೂಗಿದರು. ಓರಗಿತ್ತಿ ಕಿಟಕಿ ಮುಚ್ಚಿದಳು, ಮಾತನ್ನೂ ಮುಚ್ಚಿದಳು. ಒಂದೇ ತಟ್ಟೆಯಲ್ಲಿ ಉಂಡವರು. ಆರು ವರ್ಷ ಒಂದೇ ಮೆಟ್ಟಿಲು ಹತ್ತಿಳಿದರೂ, "ಟ್ಯಾಂಕು ತುಂಬಿ ಸುರೀತಿದೆ ಅಂತ ನಿಮ್ಮಮ್ಮಂಗೆ ಹೇಳು" ಎಂದು ಮಕ್ಕಳ ಮೂಲಕವೇ ವ್ಯವಹಾರ. ಅಕ್ಕನಿಗೆ ಅವಳಿಲ್ಲದೆ ಉಣ್ಣುವುದು ಬೇಸರವಾಯಿತು. ಎರಡನೆಯ ಮುದ್ರಣದಲ್ಲಿ ವಾಕ್ಯ ತೆಗೆಸೋಣವೆಂದರೆ ಸಂಪಾದಕರು, "ಅಯ್ಯೋ, ಜನ ಮೊದಲು ಹುಡುಕೋದೇ ಅದನ್ನ!" ಎಂದು ಬಿಡಲಿಲ್ಲ.

ಕೊನೆಗೆ ಕಚೇರಿಯೇ ಬೇರೆ ಊರಿಗೆ ಹೋಯಿತು. ಅಕ್ಕನ ಸಂಸಾರವೂ ಹೊರಟಿತು. ಗಂಡ, ಮಕ್ಕಳು ಸಾಮಾನಿನೊಡನೆ ಬೆಳಿಗ್ಗೆಯೇ ಲಾರಿ ಹತ್ತಿದ್ದರು. ಅಕ್ಕ ಬೀಗ ಹಾಕಿ ಮೆಟ್ಟಿಲ ಬುಡದಲ್ಲಿ ನಿಂತಳು. ಹೊರಗೆ ಜಿಟಿಜಿಟಿ ಮಳೆ. ಮೇಲೆ ಹೋಗಲೋ ಬೇಡವೋ ಅನ್ನುವಷ್ಟರಲ್ಲಿ ಓರಗಿತ್ತಿಯೇ ಇಳಿದು ಬಂದಳು, ಕೈಯಲ್ಲಿ ಕೊಡೆ.

"ಕಡ್ಡಿ ಮುರಿದಿತ್ತು, ರಿಪೇರಿಗೆ ಒಯ್ದಿದ್ದೆ. ರಿಪೇರಿಯವನು ತಿಂಗಳುಗಟ್ಟಲೆ ಆಡಿಸಿದ. ತಂದಿಟ್ಟ ದಿನವೇ ನಿನ್ನ ಪುಸ್ತಕ ಬಂತು. ನನ್ನೊಬ್ಬಳನ್ನ ಕೇಳೋದು ಬಿಟ್ಟು ಊರಿಗೆಲ್ಲ ಹೇಳಿದ್ಯಲ್ಲೇ!"

"ತಪ್ಪಾಯ್ತು ಕಣೇ."

"ಹಿಡಿ, ತಗೊಂಡು ಹೋಗು."

"ಬೇಡ, ನಿನ್ನ ಹತ್ರನೇ ಇರ್ಲಿ. ವಾಪಸ್ ಕೊಟ್ರೆ ಪುಸ್ತಕ ಸುಳ್ಳಾಗುತ್ತೆ!"

ಓರಗಿತ್ತಿ ಮುಖ ಗಂಟಿಕ್ಕಲು ನೋಡಿದಳು, ಆಗಲಿಲ್ಲ, ಕಿಸಕ್ಕನೆ ನಕ್ಕಳು. ಆರು ವರ್ಷದ ಮಾತನ್ನು ಒಟ್ಟಿಗೇ ಆಡುತ್ತ, ಇಬ್ಬರೂ ಒಂದೇ ಕೊಡೆಯಡಿ ಗೇಟು ದಾಟಿ ಬಸ್ ನಿಲ್ದಾಣದ ಕಡೆ ನಡೆದರು.