ಮಲಕಾರಿ ಉಣ್ಣೆ ತೆಗೆದ ನಾಯಿ

ಅಂಕಲಿಯ ಮಲಕಾರಿಯ ಕತ್ತರಿಗೆ ಕೃಷ್ಣೆಯ ಎರಡೂ ದಂಡೆಗಳಲ್ಲಿ ಹೆಸರಿತ್ತು. ಕುರಿಯನ್ನು ಕೆಡವಿ ಮೊಣಕಾಲಲ್ಲಿ ಒತ್ತಿ ಹಿಡಿದನೆಂದರೆ, ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಉಣ್ಣೆಯೆಲ್ಲ ಒಂದೇ ಪದರಾಗಿ ಬಿಚ್ಚಿ ಬರುತ್ತಿತ್ತು, ಚರ್ಮಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ. ನಲವತ್ತು ವರ್ಷ ಹಿಂಡಿನ ಹಿಂದೆ ನಡೆದವನು. ಮೈತುಂಬ ಕೂದಲಿರುವ ನಾಲ್ಕು ಕಾಲಿನದೆಲ್ಲ ಕುರಿಯೇ ಎಂಬ ಧೈರ್ಯ ಅವನಿಗೆ ಬಂದುಬಿಟ್ಟಿತ್ತು. ಆ ಧೈರ್ಯವೇ ಅವನನ್ನು ಕೆಡಿಸಿತು.

೧೯೮೮ರ ದೀಪಾವಳಿ ಆಗಷ್ಟೇ ಮುಗಿದಿತ್ತು. ಕಾಗವಾಡದ ವಿರುಪಾಕ್ಷಪ್ಪನವರು ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಮಲಕಾರಿಯ ಕುರಿಗಳನ್ನು ನಿಲ್ಲಿಸಿಕೊಂಡಿದ್ದರು. ಅಷ್ಟರಲ್ಲಿ ಅವರಿಗೆ ಮಿರಜದಲ್ಲಿ ಕಣ್ಣಿನ ಆಪರೇಶನ್ ನಿಗದಿಯಾಯಿತು. ಹೆಂಡತಿ ಸೋನಾಬಾಯಿ ಮನೆಗೆ ಕೀಲಿ ಹಾಕಿ, ತಾನು ಸಾಕಿದ ಬಿಳಿ ನಾಯಿಯನ್ನು ಎತ್ತಿಕೊಂಡು ಹೊಲಕ್ಕೆ ಬಂದಳು. ಚಿಂಗಿ ಅದರ ಹೆಸರು. ನೋಡಿದರೆ ಹಿಂಜಿದ ಅರಳೆಯ ಮೂಟೆ, ನಡುವೆ ಎರಡು ಕಪ್ಪು ಕಣ್ಣು.

"ಹನ್ನೆರಡು ದಿವಸ ನೋಡ್ಕೊ ಮಲಕಾರಿ. ನನ್ನ ಜೀವಾ ಐತಿ ಇದು."

"ನಮ್ಮ ಮರಿಗೋಳ ಜೋಡಿ ಇರತೈತಿ, ನೀವು ಚಿಂತಿ ಬಿಟ್ಟು ಹೋಗ್ರಿ ಅಕ್ಕಾರ" ಎಂದ ಮಲಕಾರಿ. ಹೇಳುವುದಕ್ಕೇನು, ನಾಲಿಗೆಗೆ ಎಲುಬಿಲ್ಲ.

ಮೂರು ದಿನ ಹೊಲದಲ್ಲಿ ಓಡಾಡಿದ ಚಿಂಗಿಯ ಮೈಗೆಲ್ಲ ಉತ್ತರಾಣಿ ಕಾಳು ಹತ್ತಿ ಕೂದಲು ಗಂಟುಗಟ್ಟಿತು. ನಾಲ್ಕನೆಯ ದಿನ ಮಲಕಾರಿ ಹಿಂಡಿನ ಉಣ್ಣೆ ತೆಗೆಯಲು ಕೂತಿದ್ದ. ಈಗ ಹಳೆಯದನ್ನು ತೆಗೆದರೆ ಸಂಕ್ರಮಣದೊಳಗೆ ಹೊಸದು ದಟ್ಟವಾಗಿ ಬರುತ್ತದೆ, ಕುರಿಯವರ ಲೆಕ್ಕವೇ ಅದು. ಕೊನೆಯ ಕುರಿ ಎದ್ದು ಹೋಯಿತು. ಕತ್ತರಿ ಇನ್ನೂ ಕೈಯಲ್ಲೇ ಇತ್ತು, ಚಿಂಗಿ ಎದುರಿಗೇ ಮೈ ಕೆರೆದುಕೊಳ್ಳುತ್ತಿತ್ತು. ಅವನಿಗೆ ಕರುಣೆ ಬಂತು.

ಕೂದಲು ಕಳಚಿ ಬಿದ್ದ ಮೇಲೆ ನೋಡಿದರೆ, ನಾಯಿಯೇ ಇರಲಿಲ್ಲ. ಮೊಣಕಾಲ ಕೆಳಗೆ ಬೆಕ್ಕಿನ ಮರಿಯಷ್ಟು ಗುಲಾಬಿ ಜೀವವೊಂದು ಗಡಗಡ ನಡುಗುತ್ತಿತ್ತು. ಪಕ್ಕೆಲುಬು ಒಂದೊಂದಾಗಿ ಎಣಿಸಬಹುದಿತ್ತು. ಹಿಂಗಾಲಿನ ಗಿಣ್ಣುಗಳಲ್ಲಿ ಚರ್ಮ ಕರ್ರಗೆ ಗಡ್ಡೆಗಟ್ಟಿತ್ತು. ಕುರಿ ಕೊಳ್ಳುವಾಗ ಅವನು ಎಂದೂ ಉಣ್ಣೆ ನೋಡಿ ಮೋಸ ಹೋದವನಲ್ಲ, ಬೆನ್ನ ಮೇಲೆ ಕೈಯೊತ್ತಿ ಮಾಂಸ ಎಷ್ಟಿದೆ ಎಂದು ನೋಡಿಯೇ ಮಾತಾಡುವವನು. ಈ ನಾಯಿಯ ಬೆನ್ನು ಮುಟ್ಟಿ ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಮೇವು ಹೊತ್ತು ಬಂದ ಹೆಂಡತಿ ಸಾವಕ್ಕ ಸುತ್ತ ನೋಡಿ, "ಅಕ್ಕಾರ ನಾಯಿ ಎಲ್ಲೈತಿ?" ಎಂದಳು.

"ಇದ."

ಅವಳ ತಲೆಯ ಮೇಲಿನ ಹೊರೆ ಜಾರಿ ಬಿತ್ತು. "ಏನ ಮಾಡಿದ್ರಿ ಇದು. ಮುಂದ ಥಂಡಿ ದಿವಸ ಅದಾವ."

ಥಂಡಿ ಹೇಳಿ ಕೇಳಿ ಬರುತ್ತದೆಯೇ? ಆರನೆಯ ದಿನವೇ ಬಡಗಣ ಗಾಳಿ ಬೀಸಿತು. ಮಲಕಾರಿ ಎಳೆ ಮರಿಗಳಿಗೆ ಮಾಡುವ ಹಾಗೆಯೇ ಮಾಡಿದ. ಚಿಂಗಿಗೆ ಕಂಬಳಿ ಸುತ್ತಿ ಬುಟ್ಟಿ ಕವುಚಿದ. ಬೋಳು ಚರ್ಮಕ್ಕೆ ಕಂಬಳಿ ಚುಚ್ಚಿ, ಅದು ಒದರಿ ಹಾಕಿ ಹಸಿ ನೆಲದ ಮೇಲೆ ಮಲಗಿದ್ದು ಅವನಿಗೆ ತಿಳಿಯಲಿಲ್ಲ. ಮುಂಜಾನೆ ಬುಟ್ಟಿ ಎತ್ತಿದರೆ ಚಿಂಗಿ ಸೆಟೆದು ಬಿದ್ದಿತ್ತು. ಕಿವಿ ಮುಟ್ಟಿದ, ಕಲ್ಲಿನಷ್ಟು ತಣ್ಣಗಿತ್ತು. ನನ್ನ ಜೀವಾ ಐತಿ ಎಂದು ಕೊಟ್ಟು ಹೋದವಳಿಗೆ ಏನು ಮುಖ ತೋರಿಸುವುದು?

ಓಡಿ ಹೋಗಿ ಒಲೆಯ ಮುಂದೆ ಹಿಡಿದ. ಸಾವಕ್ಕ ಕಸಿದುಕೊಂಡಳು.

"ಬೆಂಕಿ ಮುಂದ ಹಿಡದ್ರ ಚರ್ಮ ಸುಡತೈತಿ, ಒಳಗಿನ ಥಂಡಿ ಹೋಗೂದಿಲ್ಲ. ಅಂಗಿ ಬಿಚ್ಚ್ರಿ."

ಮಲಕಾರಿ ಅಂಗಿಯ ಗುಂಡಿ ಬಿಚ್ಚಿದ. ಚಿಂಗಿಯನ್ನು ಬರಿ ಎದೆಗೆ ಒತ್ತಿ, ಮೇಲೆ ಕಂಬಳಿ ಹೊದ್ದು ಕೂತ. ಅದರ ಎದೆ ಬಡಿಯುತ್ತಿದೆಯೋ ತನ್ನದೋ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಹೊತ್ತು ಮಾರುದ್ದ ಏರಿದಾಗ ಒಂದು ಕಿವಿ ಅಲುಗಿತು. ಅದು ತಾನಾಗಿ ತಲೆ ಎತ್ತುವವರೆಗೆ ಸಾವಕ್ಕ ಬಾಯಿಗೆ ಏನೂ ಹಾಕಗೊಡಲಿಲ್ಲ. ಎತ್ತಿದ ಮೇಲೆ ಬೆಚ್ಚಗಿನ ಆಡಿನ ಹಾಲನ್ನು ಬೆರಳಿಗೆ ಹಚ್ಚಿ ನೆಕ್ಕಿಸಿದಳು. ಮಲಕಾರಿ ಅತ್ತ. ನಲವತ್ತು ಚಳಿಗಾಲದಲ್ಲಿ ಎಷ್ಟೋ ಮರಿ ಸತ್ತಾಗಲೂ ಅತ್ತವನಲ್ಲ.

ಉಳಿದ ದಿನಗಳಲ್ಲಿ ಗಂಡ ಹೆಂಡತಿಗೆ ಬೇರೆ ಧ್ಯಾನವೇ ಇರಲಿಲ್ಲ. ಸಾವಕ್ಕ ಹಳೆ ಸೀರೆ ಹರಿದು ಒಳಗೆ ಮೆತ್ತನೆ ಅರಿವೆ, ಹೊರಗೆ ಕಂಬಳಿ ತುಂಡು ಇಟ್ಟು ಕುಪ್ಪಸ ಹೊಲಿದಳು. ನೆಲದ ತಣ್ಣು ಏರದಂತೆ ಕಲ್ಲ ಮೇಲೆ ಹಲಗೆ ಹಾಕಿ, ಕಬ್ಬಿನ ಒಣ ಎಲೆ, ರವದಿ, ಹಾಸಿದರು. ಇಬ್ಬನಿ ಆರುವ ತನಕ ನೆಲಕ್ಕೆ ಬಿಡಲಿಲ್ಲ. ಕಾಲು ಒದ್ದೆಯಾದರೆ ಕೂಡಲೇ ಒರೆಸುವುದು, ಮಧ್ಯಾಹ್ನ ಬಿಸಿಲಲ್ಲಿ ಅಡ್ಡಾಡಿಸುವುದು, ಮೂರು ಹೊತ್ತು ಹಾಲಲ್ಲಿ ರೊಟ್ಟಿ ಕಿವುಚಿ ತಿನ್ನಿಸುವುದು. ಹಿಂಡಿನ ಕುರಿಗಳು ಮನುಷ್ಯರಾಗಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದವು.

ಹದಿಮೂರನೆಯ ದಿನ ಸೋನಾಬಾಯಿ ಬಂದಳು. ಮಲಕಾರಿ ತಪ್ಪೊಪ್ಪಿಗೆಯ ಮಾತನ್ನು ನಾಲ್ಕು ದಿನದಿಂದ ಬಾಯಿಪಾಠ ಮಾಡಿದ್ದ. ಚಿಂಗಿಯನ್ನು ಅವಳ ಮುಂದಿಟ್ಟು ತಾನೇ ಕುಪ್ಪಸ ಬಿಚ್ಚಿದ.

"ತಪ್ಪ ನಂದ ಐತ್ರಿ ಅಕ್ಕಾರ. ಕುರಿ ಅಂತ ತಿಳದು ಕತ್ತರಿ ಹಾಕೇನಿ."

ಸೋನಾಬಾಯಿ ಬಾಯಿಗೆ ಸೆರಗು ಹಿಡಿದು ನಿಂತಳು. ಬೈಯಲಿಲ್ಲ. ಬೈದಿದ್ದರೇ ಅವನಿಗೆ ನೆಮ್ಮದಿಯಾಗುತ್ತಿತ್ತು.

"ಇದು ಇಷ್ಟ ಸಣ್ಣದ ಐತೇನ?"

"ಇಷ್ಟ ಐತ್ರಿ. ಈಗ ನಾಕ ದಿವಸಾತು, ಒಂದೀಟು ಮೈ ಹಿಡದೈತಿ."

"ಇದಕ್ಕಿಂತ ಬಡಕಲ ಇತ್ತೇನ?"

ಸಾವಕ್ಕ ಸೋನಾಬಾಯಿಯ ಬಳೆ ಕೈ ಹಿಡಿದು ನಾಯಿಯ ಪಕ್ಕೆಲುಬಿನ ಮೇಲಿಟ್ಟಳು. ಅಲ್ಲಿಂದ ಹಿಂಗಾಲಿನ ಗಿಣ್ಣಿಗೆ ಸರಿಸಿದಳು. ಕೈ ಅಲ್ಲೇ ನಿಂತಿತು.

"ಗಡ್ಡಿ ಏನಿದು?"

"ಗಟ್ಟಿ ನೆಲದ ಮ್ಯಾಲ ಮಲಗಿ ಆಗಿದ್ದ್ರಿ" ಎಂದಳು ಸಾವಕ್ಕ.

ಸೋನಾಬಾಯಿ ಹೊಲದಲ್ಲೇ ಕುಸಿದು ಕೂತಳು. ಅವಳ ರೇಶಿಮೆ ಸೀರೆಗೆ ಕುರಿಹಿಕ್ಕೆ ಹತ್ತಿತು, ಅದರ ಕಡೆ ಅವಳ ಲಕ್ಷ್ಯವಿರಲಿಲ್ಲ. ಗಂಡ ಬದುಕಿನಲ್ಲಿ ಮೊದಲ ಸಲ ಆಸ್ಪತ್ರೆ ಸೇರಿದಾಗಲೂ ಅವಳ ಮುಖ ಹೀಗೆ ಬಿಳಿಚಿರಲಿಲ್ಲ.

"ಮೂರು ಥಂಡಿಗಾಲ ಇದನ್ನ ಪಡಸಾಲಿ ಫರಸಿ ಕಲ್ಲಿನ ಮ್ಯಾಲ ಕಟ್ಟೇನಿ ಮಲಕಾರಿ" ಎಂದಳು. "ಮೈಮ್ಯಾಲ ಅಷ್ಟು ಕೂದಲ ಐತಿ, ಇದಕ್ಕೆಲ್ಲಿ ಥಂಡಿ ಅಂತಿದ್ದೆ. ನಡುಗೂದು ನೋಡಿ, ಕುಣೀತೈತಿ ಅಂತ ನಕ್ಕೇನಿ."